ಗ್ರೇಸಮ್ಮನ ಮೆಟ್ಟಿಲುಗಳು

ಸ್ವೀಡನ್ನಿನ ಸ್ಯಾಂಡ್‌ವಿಕೆನ್ ಊರಿನ ಆ ಮನೆಯನ್ನು ನೆನೆದಾಗ ನನಗೆ ಮನುಷ್ಯರಿಗಿಂತ ಮೊದಲು ಬೆಳಕು ಕಾಣಿಸುತ್ತದೆ. ಎರಡನೇ ಮಹಡಿಯಲ್ಲಿ, ಅಡುಗೆಮನೆ ಬಿಟ್ಟರೆ ಮೂರು ಕೋಣೆಯ ಮನೆ. ಬೇಸಿಗೆಯಲ್ಲಿ ನಾನು ಮಲಗುವ ಹೊತ್ತಿಗೂ ಗೋಡೆಯ ಮೇಲೆ ಬಿಸಿಲು ಇರುತ್ತಿತ್ತು. ಅಮ್ಮ ತನ್ನ ಹಸಿರು ಕಾಟನ್ ಸೀರೆಯನ್ನು ಮಡಿಸಿ ಕಿಟಕಿಗೆ ಕಟ್ಟುತ್ತಿದ್ದಳು. ಆಗ ಹಾಸಿಗೆ, ಪುಸ್ತಕ, ನನ್ನ ಕೈಬೆರಳು ಎಲ್ಲವೂ ಎಲೆಯೊಳಗಿನಿಂದ ನೋಡಿದ ಹಾಗೆ ಹಸಿರಾಗುತ್ತಿದ್ದವು. ಚಳಿಗಾಲದಲ್ಲಿ ಶಾಲೆ ಬಿಟ್ಟು ಬರುವಷ್ಟರಲ್ಲೇ ಕತ್ತಲೆ ಇಳಿದಿರುತ್ತಿತ್ತು. ಎದುರು ಕಟ್ಟಡದ ಕಿಟಕಿಗಳಲ್ಲಿ ಕಾಗದದ ನಕ್ಷತ್ರಗಳೊಳಗೆ ದೀಪ ಉರಿಯುತ್ತಿತ್ತು. ಅಷ್ಟು ಬೆಳಕು ಒಮ್ಮೆ, ಅಷ್ಟು ಕತ್ತಲೆ ಇನ್ನೊಮ್ಮೆ. ಎರಡರಲ್ಲೂ ನಿದ್ದೆ ಸರಿಯಾಗಿ ಹತ್ತುತ್ತಿರಲಿಲ್ಲ. ಬಾಲ್ಯದ ಆ ಎರಡು ಮೂರು ವರ್ಷಗಳನ್ನು ನಾನು ಅರೆನಿದ್ದೆಯಲ್ಲೇ ಕಳೆದೆನೇನೋ ಎಂದು ಈಗ ಅನ್ನಿಸುತ್ತದೆ. ಯಾವುದು ಕೇಳಿದ್ದು, ಯಾವುದು ಕಂಡದ್ದು, ಯಾವುದು ಕನಸು ಎಂದು ಬೇರೆ ಮಾಡಲು ಹೋದರೆ ನನ್ನ ಕೈಗೆ ಹೆಚ್ಚೇನೂ ಉಳಿಯುವುದಿಲ್ಲ.

ನಾವು ಭದ್ರಾವತಿಯಿಂದ ಬಂದಾಗ ನನಗೆ ಏಳು ವರ್ಷ. ಉಕ್ಕನ್ನು ಕಾಯಿಸಿ ಹದಗೊಳಿಸುವುದು ಅಪ್ಪನ ಕಸುಬು. ಊರಾಚೆ, ಲೋಹ ಕೊರೆಯುವ ಉಪಕರಣಗಳನ್ನು ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಅಮ್ಮ ಮಂಡ್ಯದ ಕಡೆಯವಳು. ತಾತನದು ಕಬ್ಬಿನ ಗದ್ದೆ, ಗದ್ದೆಯ ಪಕ್ಕದಲ್ಲೇ ಸ್ವಂತ ಆಲೆಮನೆ. ಬೆಲ್ಲದ ಕೊಪ್ಪರಿಗೆ ಕುದಿಯುವ ವಾಸನೆಯಲ್ಲೇ ಬೆಳೆದವಳು ಅವಳು. ಸ್ವೀಡನ್ನಿಗೆ ಬಂದ ಮೇಲೆ ಅಂಗಡಿಗೆ ಬಿಟ್ಟರೆ ಬೇರೆಲ್ಲಿಗೂ ಒಬ್ಬಳೇ ಹೋದವಳಲ್ಲ. ಅವಳಿಗೆ ಬರುತ್ತಿದ್ದ ಸ್ವೀಡಿಷ್ ಪದಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಅವುಗಳಲ್ಲಿ ಎರಡು, ಥ್ಯಾಂಕ್ಸ್‌ಗೂ ಸಾರಿಗೂ ಅಲ್ಲಿ ಹೇಳುವ ಪದಗಳು. ಮಿಕ್ಕ ಮಾತಿಗೆಲ್ಲ ನಾನಿದ್ದೆ. ಡಾಕ್ಟರ ಹತ್ತಿರ, ಪುರಸಭೆಯ ಆಫೀಸಿನಲ್ಲಿ, ಶಾಲೆಯ ಮೀಟಿಂಗಿನಲ್ಲಿ. ನನ್ನ ಬಗ್ಗೆ ಟೀಚರ್ ಹೇಳಿದ ದೂರನ್ನೂ ನಾನೇ ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕಾಗುತ್ತಿತ್ತು. ಅದನ್ನು ಸ್ವಲ್ಪ ನಯ ಮಾಡಿಯೇ ಹೇಳುತ್ತಿದ್ದೆ.

ಎರಡನೇ ವರ್ಷ ವರ್ಕ್‌ಶಾಪಿಗೆ ಆರ್ಡರ್ ಕಡಿಮೆಯಾಗಿ ಅಪ್ಪನಿಗೆ ವಾರದಲ್ಲಿ ಮೂರೇ ದಿನ ಕೆಲಸ ಉಳಿಯಿತು. ನನ್ನ ಕೋಣೆಯನ್ನು ಬಾಡಿಗೆಗೆ ಕೊಡುವುದೆಂದು ಅವನು ತೀರ್ಮಾನಿಸಿದ. ಕಟ್ಟಡದವರೆಲ್ಲ ಸರದಿಯಲ್ಲಿ ಬಟ್ಟೆ ಒಗೆಯುವ ನೆಲಮಾಳಿಗೆಯ ಕೋಣೆಯ ಗೋಡೆಗೆ ಒಂದು ಚೀಟಿ ಅಂಟಿಸಿ ಬಂದ. ಚೀಟಿಯನ್ನು ಬರೆದದ್ದು ನಾನು.

"ಹಿಂದೆ ಮುಂದೆ ಗೊತ್ತಿಲ್ದೋರನ್ನ ಮನೆ ಒಳಗೆ ಹೆಂಗ್ರೀ ಇಟ್ಕೊಳೋದು?" ಎಂದಳು ಅಮ್ಮ.

"ಯಾರೋ ನರ್ಸೋ ಸ್ಟೂಡೆಂಟೋ ಬರ್ತಾರೆ ಕಣೆ. ಕೆಲಸ ಸರಿಹೋಗೋವರೆಗೆ ಅಷ್ಟೆ," ಎಂದ ಅಪ್ಪ.

ಬಂದವಳು ನರ್ಸೂ ಅಲ್ಲ, ಸ್ಟೂಡೆಂಟೂ ಅಲ್ಲ. ಎತ್ತರದ, ಗಟ್ಟಿ ಮೈಯ, ನಮಗಿಂತಲೂ ಕಪ್ಪಗಿದ್ದ ಹೆಂಗಸು. ತಲೆಗೆ ಕೆಂಪು ಉಣ್ಣೆಯ ಟೋಪಿ, ಒಂದು ಕೈಯಲ್ಲಿ ಹಗ್ಗ ಬಿಗಿದ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆ. ಹೆಸರು ಅಲ್ತಾಗ್ರಾಸಿಯಾ, ಡೊಮಿನಿಕನ್ ರಿಪಬ್ಲಿಕ್‌ನವಳು, ಅಪಾರ್ಟ್‌ಮೆಂಟ್‌ಗಳ ಮೆಟ್ಟಿಲು ತೊಳೆಯುವುದು ಕೆಲಸ ಎಂದು ನಾನು ಕೇಳಿ ಹೇಳಿದೆ. ಅಮ್ಮ ಹೆಸರನ್ನು ಎರಡು ಸಲ ಬಾಯೊಳಗೇ ಹೊರಳಿಸಿ ನೋಡಿ ಬಿಟ್ಟಳು. ಅವಳ ಕಣ್ಣು ಪಾತ್ರೆಯ ಮೇಲಿತ್ತು.

"ಅಷ್ಟು ದೂರದಿಂದ ಪಾತ್ರೆ ಹೊತ್ಕೊಂಡು ಬಂದವ್ಳೆ. ಸಂಸಾರಸ್ಥಳೇ ಇರ್ಬೇಕು. ಬರ್ಲಿ ಬಿಡಿ," ಎಂದಳು.

ಮಾರನೆಯ ದಿನದ ಹೊತ್ತಿಗೆ ಅವಳು ಗ್ರೇಸಮ್ಮ ಆಗಿದ್ದಳು. ನಾನು ಹಾಲಿನ ಸೋಫಾಕ್ಕೆ ವರ್ಗವಾದೆ. ನನ್ನ ಕೋಣೆಯ ಬಾಗಿಲಿನ ಸಂದಿಯಿಂದ ತೆಂಗಿನೆಣ್ಣೆಯದೂ ನೆಲ ಒರೆಸುವ ಸೋಪಿನದೂ ಸೇರಿದ ಒಂದು ವಾಸನೆ ಬರುತ್ತಿತ್ತು. ಮೊದಲ ವಾರವೆಲ್ಲ ಅದನ್ನು ದ್ವೇಷಿಸುತ್ತಾ ಮಲಗಿದೆ. ಆಮೇಲೆ ಅದಿಲ್ಲದೆ ನಿದ್ದೆ ಬಾರದಂತಾಯಿತು.

ಅಡುಗೆಮನೆಯಲ್ಲಿ ಅಮ್ಮ ಅವಳಿಗೊಂದು ಶೆಲ್ಫು ಬಿಟ್ಟುಕೊಟ್ಟಿದ್ದಳು. ಕೆಲವು ದಿನ ಇಬ್ಬರೂ ಸರದಿಯಲ್ಲಿ ಅಡುಗೆ ಮಾಡಿಕೊಂಡರು. ಆಮೇಲೆ ಸರದಿ ಕಲಸಿಹೋಯಿತು. ಗ್ರೇಸಮ್ಮ ತನ್ನ ದಪ್ಪ ಪಾತ್ರೆಯಲ್ಲಿ ಅನ್ನವನ್ನು ಬೇಕೆಂದೇ ತಳ ಹಿಡಿಸುತ್ತಿದ್ದಳು. ಆ ಕಂದು ಬಣ್ಣದ ಗರಿಗರಿ ಪದರವನ್ನು ಕೆರೆದು ತೆಗೆದು, ಮೇಲೆ ಬೇಯಿಸಿದ ಕೆಂಪು ಕಾಳು ಸುರಿದು, ಅದೇ ಊಟದ ಅತ್ಯುತ್ತಮ ಭಾಗ ಎಂಬಂತೆ ನನ್ನ ತಟ್ಟೆಗೆ ಹಾಕುತ್ತಿದ್ದಳು. ಅನ್ನ ಸೀದರೆ ಮೂರು ದಿನ ಮುಖ ಸಣ್ಣ ಮಾಡಿಕೊಳ್ಳುವ ಅಮ್ಮನಿಗೆ ಇದನ್ನು ನೋಡುವುದೇ ಕಷ್ಟವಾಗುತ್ತಿತ್ತು. ಒಂದು ಭಾನುವಾರ ಅಮ್ಮ ಸ್ಟಾಕ್‌ಹೋಮಿನಿಂದ ತರಿಸಿದ ರಾಗಿಹಿಟ್ಟಿನಲ್ಲಿ ಮುದ್ದೆ ಮಾಡಿ, ಸೊಪ್ಪಿನ ಸಾರಿನ ಜೊತೆ ಬಡಿಸಿದಳು. ಗ್ರೇಸಮ್ಮ ಅಗಿಯತೊಡಗಿದಳು. ಅಗಿಯಬಾರದು, ನುಂಗಬೇಕು ಎಂದು ಅಮ್ಮ ತನ್ನ ಗಂಟಲನ್ನೇ ತೋರಿಸಿ ಕಲಿಸಿದಳು. ಕಲಿತ ಮೇಲೆ ಗ್ರೇಸಮ್ಮ ಇನ್ನೊಂದು ತುತ್ತು ನುಂಗಿ ಹೇಳಿದಳು.

"ಹೊಟ್ಟೇಲಿ ನಿಲ್ಲೋ ಊಟ ಇದು. ನಮ್ಮಪ್ಪನಿಗೆ ಇದು ಸಿಕ್ಕಿದ್ರೆ ಚೆನ್ನಾಗಿತ್ತು. ಬೆಳಿಗ್ಗೆ ಒಂದು ತಿಂದು ಮಚೆತೆ ಹಿಡ್ಕೊಂಡು ಹೋಗ್ತಿದ್ದ."

ಇದು ಅವಳ ಸ್ವೀಡಿಷ್‌ಗೆ ನಾನು ಕೊಡುತ್ತಿದ್ದ ಕನ್ನಡ. ಅವಳ ಮಾತು ನನ್ನ ಬಾಯಿಂದ ಅಮ್ಮನ ಕನ್ನಡದಂತೆಯೇ ಬರುತ್ತಿತ್ತು. ಇಲ್ಲಿ ಬರೆಯುವಾಗಲೂ ಹಾಗೆಯೇ ಬರುತ್ತಿದೆ. ಸ್ವೀಡಿಷ್‌ನಲ್ಲಿ ಎಲ್ಲರಿಗೂ ಒಂದೇ 'ದೂ'. ಕನ್ನಡಕ್ಕೆ ತರುವಾಗ ನೀನು ಎನ್ನಬೇಕೋ ನೀವು ಎನ್ನಬೇಕೋ ಎಂಬುದು ನನ್ನ ಕೈಯಲ್ಲಿತ್ತು. ಗ್ರೇಸಮ್ಮನ ಬಾಯಲ್ಲಿ ಅಮ್ಮನಿಗೆ 'ನೀವು' ಎಂದು ಹಾಕಿದ್ದು ನಾನೇ.

"ಮಚೆತೆ ಅಂದ್ರೇನೇ?" ಎಂದು ಅಮ್ಮ ಕೇಳಿದಳು. ಗ್ರೇಸಮ್ಮ ಮುಂಗೈಯನ್ನು ಓರೆಯಾಗಿ ಬೀಸಿ ತೋರಿಸಿದಳು. "ಅಯ್ಯೋ, ಮಚ್ಚು ಕಣೆ," ಎಂದಳು ಅಮ್ಮ. ಬಂದು ಒಂದೂವರೆ ವರ್ಷದಲ್ಲಿ ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಮೊದಲು ಕೇಳಿದ್ದು ಅಂದೇ.

ಹೀಗೆ ಕಬ್ಬು ನಮ್ಮ ಮನೆಯೊಳಕ್ಕೆ ಬಂತು. ಗ್ರೇಸಮ್ಮನ ಅಪ್ಪ ಪಕ್ಕದ ಹೈಟಿ ದೇಶದವನು. ಊರಿನಲ್ಲಿ ಕೆಲಸವಿಲ್ಲದೆ, ಒಂದು ಸುಗ್ಗಿಗೆ ಎಂದು ಲಾರಿ ಹತ್ತಿ ಗಡಿ ದಾಟಿ ಕಬ್ಬು ಕಡಿಯಲು ಬಂದ. ಆ ಸುಗ್ಗಿ ಮುಗಿಯಲೇ ಇಲ್ಲ. ಕಬ್ಬಿನ ನಡುವೆ ಉದ್ದನೆಯ ಸಾಲುಮನೆ, ನಮ್ಮ ಕಾಫಿ ತೋಟಗಳ ಲೈನ್ ಮನೆಗಳ ಹಾಗೆ. ಒಂದು ಕೋಣೆಗೆ ಒಂದು ಸಂಸಾರ. ಅಲ್ಲಿಯೇ ಅವನು ಮದುವೆಯಾದ, ಅಲ್ಲಿಯೇ ಗ್ರೇಸಮ್ಮ ಹುಟ್ಟಿದಳು. ಕಾರ್ಖಾನೆ ನಿಂತ ತಿಂಗಳುಗಳಿಗೆ ಅವರು 'ಸತ್ತ ಕಾಲ' ಎನ್ನುತ್ತಿದ್ದರಂತೆ. ಆಗ ಕೂಲಿ ಇಲ್ಲ, ಸಾಲುಮನೆಯ ಅಂಗಡಿಯವನು ಮುಖ ಕೊಟ್ಟು ಮಾತಾಡುವುದಿಲ್ಲ, ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಕಬ್ಬನ್ನೇ ಜಗಿಯುತ್ತಾ ತಿರುಗುತ್ತಾರೆ. ದೊಡ್ಡವಳಾದ ಮೇಲೆ ಗ್ರೇಸಮ್ಮ ಕಡಲತಡಿಯ ಹೋಟೆಲೊಂದರಲ್ಲಿ ಹಾಸಿಗೆ ಹೊದಿಕೆ ಬದಲಿಸುವ ಕೆಲಸಕ್ಕೆ ಸೇರಿದ್ದಳು. ಅಲ್ಲಿ ಸಿಕ್ಕ ಒಬ್ಬ ಸ್ವೀಡನ್ನಿನವನನ್ನು ಮದುವೆಯಾಗಿ ಬಂದಳು. ಮದುವೆ ಮೂರು ಚಳಿಗಾಲ ಬಾಳಿತು. ಮೊದಲಿನ ಸಂಬಂಧದಲ್ಲಿ ಹುಟ್ಟಿದ ಮಗಳು ಯಾನೆಲಿ ಅಲ್ಲೇ ಸಾಲುಮನೆಯಲ್ಲಿ ಅಜ್ಜಿಯ ಹತ್ತಿರ ಉಳಿದಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳು. ಗ್ರೇಸಮ್ಮ ಅವಳನ್ನು ಬಿಟ್ಟು ಬಂದಾಗ ಅವಳಿಗೆ ಮೂರು ತುಂಬಿತ್ತಷ್ಟೆ. ಗ್ರೇಸಮ್ಮನಿಗೆ ಹೇಗೋ ಸಿಕ್ಕಿದ್ದ ಜನನದ ದಾಖಲೆಯನ್ನು ಮಗಳಿಗೆ ಕೊಡಲು, ಹೈಟಿಯವರ ಸಂತತಿಯೆಂದು ಅಲ್ಲಿನ ಗುಮಾಸ್ತ ಒಪ್ಪಿರಲಿಲ್ಲ. ದಾಖಲೆ ಇಲ್ಲದ ಮಗುವಿಗೆ ಪಾಸ್‌ಪೋರ್ಟ್ ಇಲ್ಲ.

ಶನಿವಾರಗಳ ಮಧ್ಯಾಹ್ನ ಗ್ರೇಸಮ್ಮ ಕಾಫಿ ಕುಡಿಯುತ್ತಾ ಇದನ್ನೆಲ್ಲ ತುಂಡು ತುಂಡಾಗಿ ಹೇಳುತ್ತಿದ್ದಳು. ಅಮ್ಮ ತನ್ನ ಕಡೆಯಿಂದ ಆಲೆಮನೆಯ ಕಥೆ ಸೇರಿಸುತ್ತಿದ್ದಳು. ನಾನು ಇಬ್ಬರ ನಡುವೆ ಬೆಂಚಿನ ಮೇಲೆ ಕೂತು ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಹಾಕುತ್ತಿದ್ದೆ. ತೂಕಡಿಕೆ ಬಂದಾಗ ಎರಡೂ ಕಬ್ಬು ಒಂದಾಗುತ್ತಿದ್ದವು. ಹೈಟಿಯ ಲಾರಿ ಮದ್ದೂರಿನ ಸೇತುವೆ ದಾಟಿ ಬರುತ್ತಿತ್ತು. ತಾತನ ಗದ್ದೆಯ ಕೊನೆಯ ಬದುವಿನಾಚೆ ಸಮುದ್ರ ಕಾಣುತ್ತಿತ್ತು. ಸಾಲುಮನೆಯ ಬಾಗಿಲಲ್ಲಿ ನಿಂತ ಹುಡುಗಿ ನಾನೋ ಯಾನೆಲಿಯೋ ಗೊತ್ತಾಗುತ್ತಿರಲಿಲ್ಲ. ರಾತ್ರಿ, ಸೀರೆಯ ಹಸಿರು ಬೆಳಕಿನಲ್ಲಿ ಸೋಫಾದ ಸುತ್ತ ಕಬ್ಬಿನ ಗರಿಗಳು ಸರಬರ ಎನ್ನುತ್ತಿದ್ದವು. ಎದ್ದು ನೋಡಿದರೆ ಗ್ರೇಸಮ್ಮ ಒಳಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿರುತ್ತಿದ್ದಳು.

ಆ ಚಳಿಗಾಲದ ಮೊದಲ ಹಿಮ ಬಿದ್ದ ಶನಿವಾರ ಜಗಳವಾಯಿತು. ಜಗಳ ಎನ್ನಬಹುದೇ ಅದನ್ನು, ಯಾರೂ ದನಿ ಏರಿಸಲಿಲ್ಲ. ಗ್ರೇಸಮ್ಮ ತನ್ನ ಅಪ್ಪನ ಹೆಸರಿನ ಕಥೆ ಹೇಳುತ್ತಿದ್ದಳು. ಅವನ ಹೆಸರು ಎಮಾನ್ಯುಯೆಲ್. ಮೇಸ್ತ್ರಿಗೆ ಹೈಟಿಯ ಹೆಸರುಗಳು ಬಾಯಿಗೆ ಬರುತ್ತಿರಲಿಲ್ಲ. ಸಾಲಾಗಿ ನಿಲ್ಲಿಸಿ ತನಗೆ ತೋಚಿದ ಹೆಸರು ಇಡುತ್ತಿದ್ದ. ಗ್ರೇಸಮ್ಮನ ಅಪ್ಪ ಅಲ್ಲಿ ಮೂವತ್ತು ವರ್ಷ ಯಾರದೋ ಹೆಸರಿನಲ್ಲಿ ಕಬ್ಬು ಕಡಿದು, ಅದೇ ಹೆಸರಿನಲ್ಲಿ ಮಣ್ಣಿಗೆ ಹೋದ. ಅಮ್ಮ ಲೊಚಗುಟ್ಟಿ, ಎಂದಿನಂತೆ ತನ್ನ ಕಡೆಯದನ್ನು ಹೇಳತೊಡಗಿದಳು.

"ನಮ್ಮಲ್ಲೂ ಕಬ್ಬು ಕಡಿಯೋಕೆ ದೂರದಿಂದ ಜನ ಬರ್ತಿದ್ರು. ಬದು ಮೇಲೇ ಗುಡ್ಲು ಹಾಕ್ಕೊಂಡು ಇರೋರು. ನಮ್ಮಪ್ಪ ಚೆನ್ನಾಗಿ ನೋಡ್ಕೊಳ್ತಿದ್ರು ಪಾಪ, ಹಬ್ಬದ ದಿನ ಅಷ್ಟೂ ಜನಕ್ಕೂ ಊಟ ಹಾಕಿಸೋರು. ಒಬ್ಬಳು ಇದ್ಲು, ಹಸುಗೂಸನ್ನ ಹೊಂಗೆ ಮರಕ್ಕೆ ಸೀರೆ ಜೋಲಿ ಕಟ್ಟಿ ಮಲಗಿಸಿ ಹೋಗೋಳು. ನಾನು ಸ್ಕೂಲಿಂದ ಬಂದು ತೂಗ್ತಿದ್ದೆ."

ನಾನು ಹೇಳಿದೆ. ಗ್ರೇಸಮ್ಮ ಕೇಳಿಸಿಕೊಂಡು ಲೋಟ ಕೆಳಗಿಟ್ಟಳು.

"ಅವಳ ಹೆಸರೇನು?"

ನಾನು ಅಮ್ಮನನ್ನು ಕೇಳಿದೆ. ಅಮ್ಮ ಬಾಯಿ ತೆರೆದಳು. ಹೆಸರು ಅಲ್ಲೇ ಎಲ್ಲೋ ಇದೆ, ಈಗ ಬರುತ್ತದೆ ಎಂಬಂತೆ ಕಿಟಕಿಯ ಕಡೆ ನೋಡಿದಳು. ಹೊರಗೆ ಹಿಮ ಬೀಳುತ್ತಿತ್ತು.

"ಗೊತ್ತಿಲ್ಲ," ಎಂದಳು. "ಬಳ್ಳಾರಿಯೋರು ಅಂತಿದ್ವಿ. ಎಲ್ರನ್ನೂ ಹಂಗೇ ಕರೀತಿದ್ವಿ."

ಅಲ್ಲಿಯವರೆಗೆ ನಾನು ಅಮ್ಮನಿಗಾಗಲಿ ಅವಳಿಗಾಗಲಿ ಚುಚ್ಚುವ ಮಾತನ್ನು ಇದ್ದ ಹಾಗೆ ದಾಟಿಸಿದವಳಲ್ಲ. ಎಲ್ಲಿ ಬೇಕೋ ಅಲ್ಲಿ ಒಂದಿಷ್ಟು ಸಕ್ಕರೆ ಹಾಕುತ್ತಿದ್ದೆ. ಅಂದು ಯಾಕೋ ಹಾಕಲಿಲ್ಲ. ನಿದ್ದೆಗಣ್ಣಿನಲ್ಲಿದ್ದೆನೋ, ಅಥವಾ ಸುಳ್ಳು ಹುಡುಕುವಷ್ಟು ಹೊತ್ತು ಸಿಗಲಿಲ್ಲವೋ. ಅಮ್ಮ ಹೇಳಿದ್ದನ್ನು ಅಷ್ಟೇ ಪದಗಳಲ್ಲಿ ಗ್ರೇಸಮ್ಮನಿಗೆ ಹೇಳಿದೆ. ಅವಳು ತಲೆಯಾಡಿಸಿದಳು.

"ನಮ್ಮನ್ನೂ ಹಾಗೇ ಕರೀತಿದ್ರು. ಹೈಟಿಯೋರು ಅಂತ. ಹಬ್ಬದ ದಿನ ಊಟನೂ ಕೊಡೋರು."

ಅದನ್ನೂ ಅಮ್ಮನಿಗೆ ಅಷ್ಟೇ ಪದಗಳಲ್ಲಿ ಕೊಟ್ಟೆ. ಗ್ರೇಸಮ್ಮ ಎದ್ದು ತನ್ನ ಲೋಟ ತೊಳೆದಿಟ್ಟು ಕೋಣೆಗೆ ಹೋದಳು. ಈಗ ನಾನು ಕಾರ್ಲ್‌ಸ್ಟಾಡ್‌ನಲ್ಲಿ ದುಭಾಷಿಯ ಕೆಲಸ ಮಾಡುತ್ತೇನೆ. ಆಸ್ಪತ್ರೆಗಳಲ್ಲಿ, ಕೋರ್ಟಿನಲ್ಲಿ, ಇನ್ನೊಬ್ಬರ ಮಾತನ್ನು ಹೆಚ್ಚೂ ಮಾಡದೆ ಕಡಿಮೆಯೂ ಮಾಡದೆ ದಾಟಿಸುವುದೇ ಕಸುಬು. ಅದನ್ನು ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ ಯಾವುದೋ ಕೋರ್ಸಿನ ಹೆಸರು ಹೇಳಿಬಿಡುತ್ತೇನೆ.

ಅಲ್ಲಿಂದ ಮೂರು ವಾರ ಮನೆಯಲ್ಲಿ ಎರಡು ಒಲೆ, ಎರಡು ಸರದಿ. ಗ್ರೇಸಮ್ಮ ಅಮ್ಮನನ್ನು ಕಂಡರೆ ಮರ್ಯಾದೆಯಿಂದ ನಗುತ್ತಿದ್ದಳು; ಆ ನಗುವನ್ನು ಸಹಿಸಲು ಅಮ್ಮನಿಗೆ ಆಗುತ್ತಿರಲಿಲ್ಲ. ಒಂದು ಭಾನುವಾರ ಅಮ್ಮ ಮಂಡ್ಯಕ್ಕೆ ಫೋನ್ ಮಾಡಿ ತನ್ನ ಅಣ್ಣನ ಹತ್ತಿರ ಏನೇನೋ ವಿಚಾರಿಸಿ, ಕೊನೆಗೆ ದನಿ ತಗ್ಗಿಸಿ ಕೇಳಿದಳು.

"ಅಣ್ಣ, ಹೊಂಗೆ ಮರಕ್ಕೆ ಜೋಲಿ ಕಟ್ತಿದ್ಲಲ್ಲ, ಅವಳ ಹೆಸರು ನೆನಪೈತಾ ನಿಂಗೆ?"

ಆ ಕಡೆಯಿಂದ ಮಾವ ನಕ್ಕದ್ದು ನನಗೂ ಕೇಳಿಸಿತು. ಅಷ್ಟು ದೂರದಿಂದ ಫೋನ್ ಮಾಡಿ ಇದನ್ನು ಕೇಳುತ್ತೀಯಲ್ಲ ಎಂದಿರಬೇಕು. ಅಮ್ಮ ಫೋನ್ ಇಟ್ಟು, ಒಣಗಿದ ಬಟ್ಟೆಗಳನ್ನು ಮಡಿಸುತ್ತಾ ಕೂತಳು. ಮಡಿಸಿದ್ದನ್ನೇ ಬಿಡಿಸಿ ಮತ್ತೆ ಮಡಿಸಿದಳು.

ಡಿಸೆಂಬರಿನಲ್ಲಿ ಗ್ರೇಸಮ್ಮನಿಗೆ ಒಳ್ಳೆಯ ಸುದ್ದಿ ಬಂತು. ಎಷ್ಟೋ ವರ್ಷ ಓಡಾಡಿ ಅವಳ ತಾಯಿ ಯಾನೆಲಿಯ ಜನನದ ದಾಖಲೆ ಮಾಡಿಸಿದ್ದಳು. ಪಾಸ್‌ಪೋರ್ಟ್ ಆಗಿತ್ತು, ಇಲ್ಲಿಗೆ ಬರಲು ಅನುಮತಿಯೂ ಸಿಕ್ಕಿತ್ತು. ಇನ್ನು ಬೇಕಾಗಿದ್ದು ಒಂದು ಮನೆ. ಮಗಳನ್ನು ಬಾಡಿಗೆಯ ಒಂದು ಕೋಣೆಗೆ ತರುವುದಿಲ್ಲ, ಒಂದು ಕೋಣೆಯ ಬದುಕು ತನ್ನ ಜೊತೆಗೇ ಮುಗಿಯಲಿ ಎಂದು ಗ್ರೇಸಮ್ಮ ಪಣ ತೊಟ್ಟಿದ್ದಳು. ಬಾಡಿಗೆ ಮನೆಗಳ ಕ್ಯೂನಲ್ಲಿ ಹೆಸರು ಬರೆಸಿ ಕಾಯುತ್ತಿದ್ದ ಅವಳಿಗೆ ನಮ್ಮ ಎದುರು ಕಟ್ಟಡದಲ್ಲೇ ಒಂದು ಮನೆ ಸಿಗುವುದಿತ್ತು. ಚಳಿಗಾಲ ಮುಗಿಯುವವರೆಗೆ ಸಂಬಳ ತಪ್ಪದೆ ಬಂದ ರಸೀದಿಗಳನ್ನು ತೋರಿಸಬೇಕು, ಅಷ್ಟೆ. ಅದಾಗಿ ಹತ್ತು ದಿನಕ್ಕೆ ಅವಳು ಬಸ್‌ಸ್ಟಾಪಿನ ಬಳಿ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಳು.

ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳು ಟೋಪಿಯನ್ನೂ ತೆಗೆಯದೆ ಅಡುಗೆಮನೆಯಲ್ಲಿ ಕೂತಳು. ಅವಳಿಗೆ ಕೆಲಸ ಕೊಟ್ಟಿದ್ದ ಗುತ್ತಿಗೆದಾರ ಒಬ್ಬನೇ ವ್ಯವಹಾರ ಮಾಡುವ ಮನುಷ್ಯ. ಸಂಬಳದ ರಸೀದಿ ಬಿಟ್ಟರೆ ಸಹಿ ಹಾಕಿದ ಕಾಗದ ಪತ್ರ ಅಂತ ಅವನ ಹತ್ತಿರ ಹೆಚ್ಚೇನೂ ಇರಲಿಲ್ಲ. ಫೋನಿನಲ್ಲಿ ಅವನು ಹೇಳಿದ್ದನ್ನು ಅವಳು ನನಗೆ ಹೇಳಿದಳು, ನಾನು ಅಮ್ಮನಿಗೆ ಹೇಳಿದೆ. ಮೆಟ್ಟಿಲು ತೊಳೆದಿರಬೇಕು, ಯಾರು ತೊಳೆದರೂ ನನಗೆ ಒಂದೇ; ಸೋಮವಾರ ತೊಳೆದಿರದಿದ್ದರೆ ಬೇರೆಯವರಿಗೆ ಕೊಡುತ್ತೇನೆ. ಅಮ್ಮ ಸಾರು ಕುದಿಸುತ್ತಿದ್ದಳು. ಒಲೆ ಆರಿಸಿ, ಕೈ ಒರೆಸಿಕೊಂಡು, ನನಗೆ ಹೇಳಿದಳು.

"ಯಾವ್ಯಾವ ಕಟ್ಟಡ ಕೇಳು. ನೀರು ಎಲ್ಲಿ ಹಿಡಿಯೋದು ಅಂತಾನೂ ಕೇಳು."

ಗ್ರೇಸಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತಲೆಯಲ್ಲಾಡಿಸಿದಳು.

"ಬೇಡ. ನೀವು ಮಾಡೋ ಕೆಲಸ ಅಲ್ಲ ಅದು."

"ಯಾರು ಮಾಡೋ ಕೆಲಸ ಅದು, ಕೇಳು ಅವಳನ್ನ," ಎಂದಳು ಅಮ್ಮ.

ನಾನು ಕೇಳಿದೆ. ಗ್ರೇಸಮ್ಮ ಎಡಗೈಯಿಂದ ಒಂದು ಕಾಗದದ ಮೇಲೆ ನಾಲ್ಕು ಕಟ್ಟಡಗಳ ಚಿತ್ರ ಬರೆಯತೊಡಗಿದಳು. ಮಕ್ಕಳು ಬರೆದಂತೆ ಸೊಟ್ಟಸೊಟ್ಟಗೆ.

ಅಪ್ಪನಿಗೆ ಆಗ ಮತ್ತೆ ಪೂರ್ತಿ ಕೆಲಸ ಬಂದಿತ್ತು, ಎರಡನೇ ಪಾಳಿ. ಅವನು ಮಧ್ಯಾಹ್ನ ಹೊರಟ ಮೇಲೆ, ನಾನು ಶಾಲೆಯಿಂದ ಬಂದ ಕೂಡಲೇ ನಾವು ಮೂವರೂ ಹೊರಡುತ್ತಿದ್ದೆವು. ಗ್ರೇಸಮ್ಮ ಮೇಲಿನ ಮೆಟ್ಟಿಲ ಮೇಲೆ ಕೂತು ಹೇಳಿಕೊಡುತ್ತಿದ್ದಳು. ಮೇಲಿನಿಂದ ಕೆಳಕ್ಕೆ ಬರಬೇಕು. ಜನ ಜಾರದಿರಲೆಂದು ದಾರಿಗೆ ಹಾಕಿದ ಸಣ್ಣ ಜಲ್ಲಿ ಶೂಗಳಿಗೆ ಅಂಟಿಕೊಂಡು ಬಂದಿರುತ್ತದೆ, ಮೊದಲು ಅದನ್ನು ಗುಡಿಸಬೇಕು. ಇಲ್ಲದಿದ್ದರೆ ಒದ್ದೆ ಬಟ್ಟೆಯ ಅಡಿಗೆ ಸಿಕ್ಕಿ ಕಲ್ಲು ಗೀಚುತ್ತದೆ. ಮೂಲೆಗೆ ಬೆರಳು ಹಾಕಬೇಕು. ಅಮ್ಮ ಸೀರೆ ಬಿಟ್ಟು ಅಪ್ಪನ ಹಳೆಯ ಪ್ಯಾಂಟು ಹಾಕಿಕೊಂಡಿದ್ದಳು. ಮೊದಲ ದಿನ ನಾಲ್ಕು ಮಹಡಿ ಇಳಿಯುವಷ್ಟರಲ್ಲಿ ಅವಳ ಸೊಂಟ ಹಿಡಿದುಕೊಂಡಿತು. ಆದರೆ ನನಗೆ ಆ ಮೆಟ್ಟಿಲುಗಳು ಸ್ವಪ್ನದಂತೆಯೇ ನೆನಪಿವೆ. ಅಲ್ಲಿನ ದೀಪ ತನ್ನಷ್ಟಕ್ಕೆ ತಾನೇ ಆರುತ್ತಿತ್ತು. ಗುಂಡಿ ಒತ್ತಿ ಹೊತ್ತಿಸುವುದು ನನ್ನ ಕೆಲಸ. ಕತ್ತಲಾದ ಆ ಒಂದೆರಡು ಕ್ಷಣ ನೀರಿನ ಸದ್ದು, ಅಮ್ಮನ ಉಸಿರು, ಬಾಗಿಲುಗಳ ಹಿಂದೆ ಯಾರದೋ ಟಿವಿ, ಹುರಿಯುತ್ತಿರುವ ಮೀನಿನ ವಾಸನೆ, ಮೇಲಿನಿಂದ ಗ್ರೇಸಮ್ಮ ತನ್ನ ಭಾಷೆಯಲ್ಲಿ ಗುನುಗುವುದು. ಮತ್ತೆ ದೀಪ ಹೊತ್ತಿದಾಗ ಮೆಟ್ಟಿಲುಗಳು ಹೊಳೆಯುತ್ತಾ ಕೆಳಗೆ ಕೆಳಗೆ ಹೋಗುತ್ತಿದ್ದವು, ಕೊನೆಯೇ ಇಲ್ಲದ ಹಾಗೆ. ಅಮ್ಮ ಕೆಲಸದ ನಡುವೆ ಕೈ ತೋರಿಸಿ ಒಂದೊಂದೇ ಪದ ಕೇಳುತ್ತಿದ್ದಳು: ಬಕೆಟ್ಟಿಗೇನು, ಹಿಡಿಗೇನು, ಕೊಳೆಗೇನು. ಮೂರನೇ ವಾರದ ಹೊತ್ತಿಗೆ ಅವರಿಬ್ಬರಿಗೂ ನನ್ನ ಅಗತ್ಯ ಕಡಿಮೆಯಾಗುತ್ತಾ ಬಂದಿತ್ತು.

ನಾಲ್ಕನೇ ಕಟ್ಟಡದಲ್ಲಿ ಶೈಲಜಾ ಆಂಟಿಯ ಮನೆಯಿತ್ತು. ಬೆಂಗಳೂರಿನವರು, ಗಂಡ ಹೆಂಡತಿ ಇಬ್ಬರೂ ಐಟಿ. ಊರಿನ ನಾಲ್ಕೈದು ಕನ್ನಡ ಮನೆಗಳನ್ನು ಹಬ್ಬಕ್ಕೆ ಒಟ್ಟು ಸೇರಿಸುತ್ತಿದ್ದವರು ಅವರೇ. ಅವರು ಮನೆಗೆ ಬರುವ ಹೊತ್ತು ತಪ್ಪಿಸಿಯೇ ಅಮ್ಮ ಅಲ್ಲಿಗೆ ಹೋಗುತ್ತಿದ್ದಳು. ಒಂದು ದಿನ ಅವರು ಬೇಗ ಬಂದರು. ಎರಡನೇ ಮಹಡಿಯ ತಿರುವಿನಲ್ಲಿ ಮಂಡಿಯೂರಿ ಕೂತಿದ್ದ ಅಮ್ಮನನ್ನು ಕಂಡು ಅವರ ಕೈಯಲ್ಲಿದ್ದ ಬೀಗದ ಕೈ ಗೊಂಚಲಿನ ಸದ್ದು ನಿಂತಿತು.

"ನೀವಾ? ಏನಾಯ್ತು? ಎನಿಥಿಂಗ್ ರಾಂಗ್ ಅಟ್ ಹೋಮ್?"

ನಾನು ಗೋಡೆಗೆ ಅಂಟಿಕೊಂಡೆ. ಆ ಕ್ಷಣ ದೀಪ ಆರಲಿ ಎಂದು ಬೇಡಿಕೊಂಡದ್ದು ನನಗೆ ನೆನಪಿದೆ. ಅಮ್ಮ ಎದ್ದು ನಿಂತು, ಬಟ್ಟೆಯನ್ನು ಬಕೆಟ್ಟಿಗೆ ಹಿಂಡಿದಳು.

"ಏನಿಲ್ಲ ಶೈಲಜಾ. ಕಾಲು ಒರೆಸ್ಕೊಂಡು ಬನ್ನಿ, ಮೇಲೆಲ್ಲ ಒದ್ದೆ ಇದೆ."

ಅವರು ಕಾಲು ಒರೆಸಿಕೊಂಡು, ಗೋಡೆಯ ಬದಿಗೆ ತುದಿಗಾಲಲ್ಲಿ ಹತ್ತಿಹೋದರು. ಅವರು ಬೇಕೆಂದು ಕೇಡು ಮಾಡುವವರಲ್ಲ. ಕಳವಳದಿಂದಲೇ ಅಪ್ಪನಿಗೆ ಫೋನ್ ಮಾಡಿ, ಕಷ್ಟವಿದ್ದರೆ ಹೇಳಿ, ನಾವೆಲ್ಲ ಇದ್ದೇವೆ ಎಂದರಂತೆ. ಮಾರನೆಯ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅಪ್ಪ ಆ ಮಾತು ತೆಗೆದ. ಗ್ರೇಸಮ್ಮ ತನ್ನ ಕೋಣೆಯಲ್ಲಿದ್ದಳು.

"ನನ್ನ ಸಂಬಳ ಸಾಲಲ್ಲ ಅಂತ ಊರಿಗೆಲ್ಲ ಡಂಗುರ ಹೊಡೆದ ಹಾಗಾಯ್ತು. ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?"

"ಹೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ. ನಿಮ್ಮಪ್ಪನ ಮನೇಲಿ ಆಳು ಕಾಳು ಇಟ್ಕೊಂಡು ಬೆಳೆದೋಳು ನೀನು. ಇಲ್ಲಿ ಬಂದು ಕಂಡೋರ ಮೆಟ್ಟಿಲು ತೊಳೀತೀಯಾ?"

ಅಮ್ಮ ದೋಸೆ ಮಗುಚುತ್ತಿದ್ದಳು. ತಿರುಗಿ ನೋಡಲಿಲ್ಲ.

"ಆಳು ಇದ್ರು. ಒಬ್ಬರದ್ದೂ ಹೆಸರು ನೆನಪಿಲ್ಲ ನಂಗೆ. ಈಗ ಅವ್ರನ್ನ ಎಲ್ಲಿ ಹುಡುಕ್ಲಿ ನಾನು? ಇವಳು ಕಣ್ಣ ಮುಂದೆ ಅವ್ಳೆ. ಇವಳ ಮಗಳು ಬರ್ಬೇಕು. ಕೈ ಸರಿಹೋಗೋವರೆಗೆ ಹೋಗ್ತೀನಿ ರೀ. ನಿಮಗೆ ಅವಮಾನ ಆಗಿದ್ರೆ ಕ್ಷಮಿಸ್ಬಿಡಿ."

ಕೊನೆಯ ಮಾತನ್ನು ಅವಳು ವ್ಯಂಗ್ಯವಿಲ್ಲದೆ ಹೇಳಿದಳು. ಅಪ್ಪ ದೋಸೆ ಅರ್ಧಕ್ಕೆ ಬಿಟ್ಟು ಎದ್ದ. ಮೂರನೆಯ ದಿನ ಬಾಗಿಲ ಹಿಂದೆ ನಿಲ್ಲಿಸಿದ್ದ ಚಕ್ರದ ಬಕೆಟ್ಟಿನ ಮುಂದೆ ಅವನು ಕುಕ್ಕರಗಾಲಲ್ಲಿ ಕೂತಿದ್ದ. ಕಿರುಗುಟ್ಟುತ್ತಿದ್ದ ಚಕ್ರಕ್ಕೆ ವರ್ಕ್‌ಶಾಪಿನಿಂದ ತಂದ ಎಣ್ಣೆ ಬಿಡುತ್ತಿದ್ದ. ಒಂದು ಸಲ ಉರುಳಿಸಿ ನೋಡಿ, ಇನ್ನೆರಡು ಹನಿ ಬಿಟ್ಟ. ಮೆಟ್ಟಿಲುಗಳ ವಿಷಯ ಅವನು ಮತ್ತೆಂದೂ ಎತ್ತಲಿಲ್ಲ. ನಮ್ಮ ಜೊತೆ ಬರಲೂ ಇಲ್ಲ.

ಏಳನೇ ವಾರ ಪ್ಲಾಸ್ಟರ್ ಬಿಚ್ಚಿ, ಇನ್ನೆರಡು ವಾರಕ್ಕೆ ಗ್ರೇಸಮ್ಮನ ಕೈಗೆ ಶಕ್ತಿ ಬಂತು. ಮೆಟ್ಟಿಲುಗಳು ಅವಳಲ್ಲೇ ಉಳಿದವು, ಎದುರು ಕಟ್ಟಡದ ಮನೆಯೂ ಆಯಿತು. ಅಮ್ಮನಿಗೆ ಮಾತ್ರ ಮಧ್ಯಾಹ್ನಗಳು ಇದ್ದಕ್ಕಿದ್ದಂತೆ ಉದ್ದವಾದವು. ಕೆಲವು ತಿಂಗಳಾದ ಮೇಲೆ ಅವಳು ತಾನೇ ಹೋಗಿ, ತನ್ನದೇ ಸ್ವೀಡಿಷ್‌ನಲ್ಲಿ ಮಾತಾಡಿ, ಒಂದು ಶಾಲೆಯ ಊಟದ ಮನೆಯಲ್ಲಿ ಕೆಲಸಕ್ಕೆ ಸೇರಿಕೊಂಡಳು. ಕನ್ನಡ ಬೆರೆತ ಆ ಸ್ವೀಡಿಷ್‌ನಲ್ಲಿ ಗ್ರೇಸಮ್ಮನನ್ನು ಅವಳು 'ನೀನು' ಎನ್ನತೊಡಗಿದ್ದು ಯಾವಾಗಿನಿಂದಲೋ ನನಗೆ ತಿಳಿಯದು. ಆ ಹೊತ್ತಿಗೆ ಅವರ ಮಾತು ನನ್ನನ್ನು ದಾಟಿ ಹೋಗಿತ್ತು. ನನ್ನ ಕೋಣೆ ನನಗೆ ವಾಪಸ್ಸು ಬಂತು. ಅದರಲ್ಲಿ ಮಲಗಿದ ಮೊದಲ ದಿನ ಅತ್ತುಬಿಟ್ಟೆ.

ಯಾನೆಲಿ ಬಂದದ್ದು ಮೇ ತಿಂಗಳಿನಲ್ಲಿ, ಬರ್ಚ್ ಮರಗಳು ಚಿಗುರಿದ್ದಾಗ. ಸ್ಟೇಷನ್ನಿಗೆ ನಾವೆಲ್ಲ ಹೋಗಿದ್ದೆವು, ಅಪ್ಪ ಕೂಡ. ವಿಮಾನದಲ್ಲೂ ಏರ್‌ಪೋರ್ಟಿನಿಂದ ರೈಲಿನಲ್ಲೂ ಅವಳನ್ನು ಕರೆದುಕೊಂಡು ಬಂದವಳು ಗ್ರೇಸಮ್ಮನ ಪರಿಚಯದ ಒಬ್ಬ ಹೆಂಗಸು. ರೈಲಿನ ಬಾಗಿಲು ತೆರೆದಾಗ ಗ್ರೇಸಮ್ಮನ ಕಣ್ಣು ಚಿಕ್ಕ ಹುಡುಗಿಯೊಬ್ಬಳನ್ನು ಹುಡುಕುತ್ತಿತ್ತು. ಇಳಿದದ್ದು ಅಮ್ಮನ ಭುಜದಷ್ಟು ಎತ್ತರದ ಹುಡುಗಿ. ಬಿಗಿಯಾಗಿ ಹೆಣೆದ ಸಣ್ಣ ಸಣ್ಣ ಜಡೆ, ತೆಳು ಹಳದಿ ಅಂಗಿ, ಚಳಿಗೆ ಕೈಗಳನ್ನು ಎದೆಗೆ ಕಟ್ಟಿಕೊಂಡಿದ್ದಳು. ಅವಳು ಗ್ರೇಸಮ್ಮನನ್ನು ದಾಟಿ ಎರಡು ಹೆಜ್ಜೆ ಹೋದಳು. ಜೊತೆಯಲ್ಲಿದ್ದ ಹೆಂಗಸು ಭುಜ ಹಿಡಿದು ತಿರುಗಿಸಿದ ಮೇಲೆ, ಕೈ ಮುಂದೆ ಚಾಚಿ ಹೇಳಿದಳು.

"ಬ್ವೆನಾಸ್ ತಾರ್ದೆಸ್, ಸೆನ್ಯೋರಾ."

ಶುಭ ಮಧ್ಯಾಹ್ನ, ಅಮ್ಮಾವ್ರೇ. ನನಗೆ ಅಷ್ಟು ಸ್ಪ್ಯಾನಿಷ್ ಬರುತ್ತಿತ್ತು. ಆದರೆ ಅಮ್ಮ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗ್ರೇಸಮ್ಮ ಚಾಚಿದ ಆ ಕೈಯನ್ನು ಹಿಡಿದು, ಅಷ್ಟೇ ಮರ್ಯಾದೆಯಿಂದ ಕುಲುಕಿದಳು. ತನ್ನ ಕೋಟು ಬಿಚ್ಚಿ ಹುಡುಗಿಗೆ ಹೊದಿಸಿದಳು. ಸೂಟ್‌ಕೇಸನ್ನು ಅಪ್ಪ ಎತ್ತಿಕೊಂಡ.

ಆ ಬೇಸಿಗೆಯಿಡೀ ಯಾನೆಲಿ ತಾಯಿಯನ್ನು ಸೆನ್ಯೋರಾ ಎಂದೇ ಕರೆದಳು. ಹೇಳಿದ ಕೆಲಸ ಮಾಡುತ್ತಿದ್ದಳು, ಕೊಟ್ಟದ್ದನ್ನು ತಿನ್ನುತ್ತಿದ್ದಳು, ನೆಂಟರ ಮನೆಗೆ ಬಂದವಳ ಹಾಗೆ ಹಾಸಿಗೆಯನ್ನು ಬೆಳಿಗ್ಗೆ ಸುಕ್ಕಿಲ್ಲದೆ ಸರಿಮಾಡಿಡುತ್ತಿದ್ದಳು. ಬೆಳಕು ಆರದ ಆ ದಿನಗಳಲ್ಲಿ ಅವಳಿಗೂ ನಿದ್ದೆ ಬರುತ್ತಿರಲಿಲ್ಲ. ನಾವಿಬ್ಬರೂ ಅವರ ಬಾಲ್ಕನಿಯಲ್ಲಿ ಕೂತು ಇಸ್ಪೀಟು ಆಡುತ್ತಿದ್ದೆವು. ಅಜ್ಜಿಯ ಬಗ್ಗೆ ಮಾತ್ರ ಅವಳು ತಾನಾಗಿ ಮಾತಾಡುತ್ತಿದ್ದಳು. ಅಲ್ಲಿನ ಮಕ್ಕಳು ತಾಯಿಗೆ 'ಮಾಮಿ' ಎನ್ನುತ್ತಾರೆ; ಹಾಗೆ ಕರೆ ಎಂದು ಗ್ರೇಸಮ್ಮ ಒತ್ತಾಯಿಸಲಿಲ್ಲ. ಅಮ್ಮ ಒಮ್ಮೆ ಹುಡುಗಿಗೆ ಬುದ್ಧಿ ಹೇಳಲು ಹೋದಾಗ, ಬೇಡ ಎಂದು ತಡೆದಳು.

ಮುಂದಿನ ಮಾರ್ಚ್ ಇರಬೇಕು. ಒಂದು ಶನಿವಾರ ಅಮ್ಮ ಅವರೆಕಾಳಿನ ಸಾರು ತೆಗೆದುಕೊಂಡು ಹೋಗಿದ್ದಳು; ಅವಳ ಜೊತೆ ನಾನು. ಅವರಿಬ್ಬರೂ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ, ಶಾಲೆಯ ಊಟದ ಮನೆಯ ಹೊಸ ಮೇಲ್ವಿಚಾರಕಿಯ ಬಗ್ಗೆ ಮಾತಾಡುತ್ತಿದ್ದರು. ಸ್ನಾನದ ಮನೆಯಲ್ಲಿ ನೀರಿನ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ, ಬಾಗಿಲಿನ ಆಚೆಯಿಂದ, ಕಿರಿಕಿರಿಯಾದವರ ದನಿಯಲ್ಲಿ ಯಾನೆಲಿ ಕೂಗಿದಳು.

"ಮಾಮಿ, ಟವೆಲ್ಲೇ ಇಲ್ಲ ಇಲ್ಲಿ."

ಗ್ರೇಸಮ್ಮನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಅವಳು ಅಮ್ಮನ ಮುಖ ನೋಡಿದಳು. ಕೇಳಿದ್ದು ನಿಜವೇ ಎಂದು ಇನ್ನೊಬ್ಬರಿಂದ ತಿಳಿಯಬೇಕೆಂಬಂತೆ. ಅಮ್ಮ ಅವಳ ಕೈಯಿಂದ ಲೋಟ ತೆಗೆದು ಮೇಜಿನ ಮೇಲಿಟ್ಟಳು.

"ಹೋಗು. ಮಗು ಒದ್ದೆ ಮೈಯಲ್ಲಿ ನಿಂತಿದೆ."

ಗ್ರೇಸಮ್ಮ ಎದ್ದು ಬೀರು ತೆರೆದಳು. ಒಂದು ಟವೆಲ್ ತೆಗೆದು, ಅದನ್ನು ಇಟ್ಟು, ಇನ್ನೊಂದು ತೆಗೆದಳು. ಸ್ನಾನದ ಮನೆಯ ಬಾಗಿಲು ತಟ್ಟಿದಳು. ಬಾಗಿಲು ಒಂದು ಗೇಣು ತೆರೆದು, ಹಬೆಯ ನಡುವಿನಿಂದ ಒಂದು ಒದ್ದೆ ಕೈ ಬಂದು, ಟವೆಲ್ ಸೆಳೆದುಕೊಂಡು, ಬಾಗಿಲು ಮುಚ್ಚಿಕೊಂಡಿತು. ಅದಾದ ಮೇಲೂ ಅವಳು ಬಹಳ ಹೊತ್ತು ಅಲ್ಲೇ ನಿಂತಿದ್ದಳು.